ನಮ್ಮೊಳಗಿನ ಒಲೆ ಮತ್ತು ಅದರ ಕಿಡಿಗಳು

(ಹರ್ಟ್ಸೋಗೆನಾವ್‌ರಾಕ್‌ನಲ್ಲಿ ಕನ್ನಡ ಕುಟುಂಬಗಳ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ಜೀವರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ದಂಪತಿಗಳು ಮಾಡುವ ಕೆಲಸವೇನು ಎಂಬುದನ್ನು ಮನೆಮಂದಿಗೆಲ್ಲ ತಿಳಿಯುವ ಹಾಗೆ ಹೇಳಬೇಕೆಂದು ಸಮಿತಿಯವರು ಕೇಳಿಕೊಂಡರು. ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿರುವಾಗ ವಿಜ್ಞಾನ ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ಆದ್ದರಿಂದ ಅಡುಗೆಮನೆಯಿಂದಲೇ ಶುರುಮಾಡುತ್ತೇವೆ.

ಒಲೆ ಉರಿಯಬೇಕಾದರೆ ಸೌದೆ ಬೇಕು, ಗಾಳಿ ಬೇಕು. ನಮ್ಮ ದೇಹದ ಬಹುತೇಕ ಬಗೆಯ ಜೀವಕೋಶಗಳಲ್ಲಿ ಇಂತಹ ಪುಟ್ಟ ಒಲೆಗಳಿವೆ. ಅವುಗಳ ಹೆಸರು ಮೈಟೋಕಾಂಡ್ರಿಯಾ. ನಾವು ಉಂಡ ಅನ್ನ, ಮುದ್ದೆ, ಚಪಾತಿ ಅವುಗಳಿಗೆ ಸೌದೆ. ಉಸಿರಾಡುವ ಆಮ್ಲಜನಕ ಗಾಳಿ. ಸುಮ್ಮನೆ ಕುಳಿತಿದ್ದರೂ ಒಬ್ಬ ವಯಸ್ಕ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತಾನೆ. ಈ ಒಲೆಗಳಲ್ಲಿ ತಯಾರಾಗುವ ಶಕ್ತಿಯ ಚಿಲ್ಲರೆ ನಾಣ್ಯಕ್ಕೆ ಎಟಿಪಿ ಎಂದು ಹೆಸರು. ದೇಹದಲ್ಲಿ ಅದರ ದಾಸ್ತಾನು ಅತಿ ಕಡಿಮೆ. ಆದರೆ ಮತ್ತೆ ಮತ್ತೆ ಖರ್ಚಾಗಿ ಮತ್ತೆ ಮತ್ತೆ ತಯಾರಾಗುವುದರಿಂದ, ಒಂದು ದಿನದಲ್ಲಿ ಕೈಬದಲಾಗುವ ಎಟಿಪಿಯ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟೇ ಆಗುತ್ತದೆ!

ಈ ಎಟಿಪಿ ಪತ್ತೆಯಾದದ್ದು 1929ರಲ್ಲಿ, ಒಂದೇ ವರ್ಷ ಎರಡು ಕಡೆ. ಜರ್ಮನಿಯಲ್ಲಿ ಮೈಯರ್‌ಹಾಫರ ಪ್ರಯೋಗಾಲಯದ ಕಾರ್ಲ್ ಲೋಮನ್ ಕಂಡುಕೊಂಡರು; ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರ ಜೊತೆಗೂಡಿ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಕಂಡುಕೊಂಡರು. ಸೌದೆ ಉರಿಯುವ ದಾರಿಯ ಮುಖ್ಯ ಚಕ್ರವನ್ನು 1937ರಲ್ಲಿ ಬಿಡಿಸಿದವರು ಹಾನ್ಸ್ ಕ್ರೆಬ್ಸ್. ಈ ದೇಶದಲ್ಲೇ ಹುಟ್ಟಿ ಬೆಳೆದವರು. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಫ್ರೈಬುರ್ಗ್‌ನ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು; ಶೆಫೀಲ್ಡ್‌ನಲ್ಲಿ ಆ ಚಕ್ರವನ್ನು ಕಂಡುಹಿಡಿದರು; 1953ರಲ್ಲಿ ನೊಬೆಲ್ ಪಡೆದರು. ಊರು ಬಿಟ್ಟು ಬಂದ ನಮಗೆಲ್ಲ ಇವರಿಬ್ಬರ ಕಥೆ ಸ್ವಲ್ಪ ಹತ್ತಿರದ್ದು.

ಈಗ ಕಿಡಿಯ ವಿಷಯ. ಎಷ್ಟು ಒಳ್ಳೆಯ ಒಲೆಯಾದರೂ ಒಂದೆರಡು ಕಿಡಿ ಸಿಡಿಯುತ್ತದೆ. ಜೀವಕೋಶ ಬಳಸುವ ಆಮ್ಲಜನಕದಲ್ಲಿ ಬಹುಪಾಲು ನೀರಾಗುತ್ತದೆ. ಒಂದು ಸಣ್ಣ ಪಾಲು ಮಾತ್ರ ಸೂಪರ್‌ಆಕ್ಸೈಡ್ ಎಂಬ ಚಂಚಲ ಕಣವಾಗಿ ತಪ್ಪಿಸಿಕೊಳ್ಳುತ್ತದೆ. ಇಂತಹ ಕಿಡಿಗಳು ಹೆಚ್ಚಾದರೆ ಕೋಶದ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಪೆಟ್ಟು. ಹೆಚ್ಚಿದ ಬದನೆಕಾಯಿ, ಬಾಳೆಕಾಯಿ ಗಾಳಿಗೆ ಕಪ್ಪಾಗುವುದನ್ನು ತಾಯಂದಿರು ದಿನವೂ ನೋಡುತ್ತೀರಿ; ಅದೂ ಆಮ್ಲಜನಕದ ಕೈವಾಡವೇ. ಅದಕ್ಕೇ ಅಲ್ಲವೇ ನೀವು ಬಾಳೆದಿಂಡನ್ನು ಹೆಚ್ಚಿ ಮಜ್ಜಿಗೆಯಲ್ಲಿ ಹಾಕಿಡುವುದು?

ಕಿಡಿ ಆರಿಸಲು ದೇಹವೇ ಕಾವಲುಗಾರರನ್ನು ಇಟ್ಟುಕೊಂಡಿದೆ. ಮೊದಲನೆಯವನನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದರು. ಅವನು ಸೂಪರ್‌ಆಕ್ಸೈಡನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತಾನೆ. ಎರಡನೆಯ ಸಾಲಿನವರು, ಅಂದರೆ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್, ಅದನ್ನು ನೀರಾಗಿಸುತ್ತಾರೆ. ಕಿಡಿಗಳ ಕೈ ಮೇಲಾಗಿ ಕಾವಲುಗಾರರು ಸೋತ ಸ್ಥಿತಿಗೆ ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂಬ ಹೆಸರನ್ನು 1985ರಲ್ಲಿ ನೆಲೆಗೊಳಿಸಿದವರು ಡ್ಯುಸೆಲ್‌ಡಾರ್ಫ್‌ನ ಹೆಲ್ಮುಟ್ ಝೀಸ್. ನಾವು ಇದನ್ನು ಉತ್ಕರ್ಷಣದ ಒತ್ತಡ ಎನ್ನೋಣ.

ಇನ್ನು ನಮ್ಮ ಮನೆಯ ಕಥೆ. ರಜೆಗೆ ಊರಿಗೆ ಹೊರಟಾಗ ನಿಮ್ಮ ಸೂಟ್‌ಕೇಸಿನಲ್ಲಿ ಏನಿರುತ್ತದೆ? ಚಾಕೊಲೇಟು, ಬಾದಾಮಿ, ಮತ್ತೆ ನೀರಿಗೆ ಹಾಕಿದರೆ ಬುಸ್ಸೆನ್ನುವ ವಿಟಮಿನ್ ಮಾತ್ರೆಯ ಕೊಳವೆಗಳು. ನಾವೂ ವರ್ಷ ವರ್ಷ ಹೊತ್ತೆವು. ನಮ್ಮ ಅಪ್ಪ, ಅಂದರೆ ನಮ್ಮಲ್ಲೊಬ್ಬರ ತಂದೆ, ಇನ್ನೊಬ್ಬರ ಮಾವ, ಸಕ್ಕರೆ ಕಾಯಿಲೆಯವರು. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಗಂಟೆ ನಡೆಯುತ್ತಿದ್ದರು. ಒಂದು ವರ್ಷ ಫೋನಿನಲ್ಲಿ ನಗುತ್ತಾ ಹೇಳಿದರು, “ಜರ್ಮನಿ ಮಾತ್ರೆ ತಗೋತಾ ಇದ್ದೀನಲ್ಲ, ಇನ್ನು ಈ ಚಳಿಯಲ್ಲಿ ನಡೆಯೋದು ಯಾಕೆ?” ನಾವೂ ನಕ್ಕು ಸುಮ್ಮನಾದೆವು. ಮುಂದಿನ ರಜೆಗೆ ಹೋಗುವ ಹೊತ್ತಿಗೆ ಅವರ ಸಕ್ಕರೆ ಮಟ್ಟ ಏರಿತ್ತು, ಪಾದಗಳಲ್ಲಿ ಜೋಮು ಹಿಡಿಯತೊಡಗಿತ್ತು. ಇಡೀ ದಿನ ಇದೇ ವಿಷಯದ ಮೇಲೆ ದುಡಿಯುವ ನಾವು, ಸ್ವಂತ ಮನೆಯಲ್ಲಿ ಎರಡು ಮಾತು ಬಿಡಿಸಿ ಹೇಳಿರಲಿಲ್ಲ. ಅಂದು ಹೇಳದ್ದನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇವೆ.

ಮಾತ್ರೆಯ ಹಿಂದಿನ ತರ್ಕ ಸರಳ: ಕಿಡಿ ಕೆಟ್ಟದ್ದು, ವಿಟಮಿನ್ ಸಿ ಮತ್ತು ಇ ಕಿಡಿ ಆರಿಸುತ್ತವೆ, ಆದ್ದರಿಂದ ಹೆಚ್ಚು ನುಂಗಿದಷ್ಟೂ ಒಳ್ಳೆಯದು. ಸರಳವಾಗಿದೆ, ಆದರೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಫಿನ್‌ಲ್ಯಾಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಗುಂಪುಗಳಾಗಿ ಮಾಡಿ ವರ್ಷಗಟ್ಟಲೆ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು: ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇಂತಹುದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. 2000ದಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಹೃದ್ರೋಗದ ಅಪಾಯವಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು, ಸಕ್ಕರೆ ಕಾಯಿಲೆಯವರೂ ಅದರಲ್ಲಿದ್ದರು. ನಾಲ್ಕೂವರೆ ವರ್ಷ ವಿಟಮಿನ್ ಇ ಕೊಟ್ಟರೂ ಹೃದಯಕ್ಕೆ ಪ್ರಯೋಜನ ಕಾಣಲಿಲ್ಲ.

ಹೀಗೇಕೆ? ಏಕೆಂದರೆ ಎಲ್ಲ ಕಿಡಿಯೂ ಶತ್ರುವಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಸುಡಲು ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ. ಅದನ್ನು ತಯಾರಿಸಲಾಗದ ಆನುವಂಶಿಕ ಕಾಯಿಲೆ ಇರುವ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು. ಮಿತವಾದ ಕಿಡಿ ಕೋಶಕ್ಕೆ ಸಂದೇಶವೂ ಹೌದು: ಮನೆಯಲ್ಲಿ ಹೊಗೆ ಕಂಡಾಗ ಎಚ್ಚೆತ್ತು ಬಾವಿಯಿಂದ ನೀರು ಸೇದಿಡುವ ಹಾಗೆ, ಸ್ವಲ್ಪ ಕಿಡಿ ಕಂಡ ಕೋಶ ತನ್ನ ಕಾವಲುಗಾರರನ್ನು ಹೆಚ್ಚಿಸಿಕೊಳ್ಳುತ್ತದೆ.

ಇಲ್ಲಿಗೆ ನಾವು ಕುಳಿತಿರುವ ಊರಿನ ಪ್ರಸ್ತಾಪ ಬರಲೇಬೇಕು. ಆವ್‌ರಾಕ್ ನದಿಯ ದಂಡೆಯ ಈ ಪುಟ್ಟ ಪಟ್ಟಣದಲ್ಲಿ ದಾಸ್ಲರ್ ಸೋದರರು ಒಟ್ಟಿಗೆ ಬೂಟು ಹೊಲಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ಅವರ ಬೂಟು ತೊಟ್ಟು ಓಡಿದರು. ಸೋದರರು ಜಗಳವಾಡಿ 1948ರಲ್ಲಿ ಬೇರೆಯಾದರು. ಒಬ್ಬರದು ಪ್ಯೂಮಾ, ಇನ್ನೊಬ್ಬರದು ಅಡಿಡಾಸ್. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲಿನ ಬೂಟು ನೋಡುವ ಊರು ಎಂದು ಇದನ್ನು ತಮಾಷೆ ಮಾಡುತ್ತಿದ್ದರು. ಜಗತ್ತಿಗೇ ಓಡಲು ಬೂಟು ಕೊಟ್ಟ ಊರಿನಲ್ಲಿ ನಿಂತು, ಓಡುವುದರಿಂದ ಕೋಶದಲ್ಲಿ ಏನಾಗುತ್ತದೆ ಎಂದು ಹೇಳದಿದ್ದರೆ ಹೇಗೆ?

ನಡೆದಾಗ, ಓಡಿದಾಗ ಸ್ನಾಯುಗಳಲ್ಲಿ ಕಿಡಿಗಳು ಹೆಚ್ಚುತ್ತವೆ. ಹಾಗಾದರೆ ವ್ಯಾಯಾಮ ಕೆಟ್ಟದ್ದಾಗಬೇಕಿತ್ತಲ್ಲ! ಇಲ್ಲಿಂದ ಉತ್ತರಕ್ಕಿರುವ ಯೇನಾದಲ್ಲಿ ಮಿಖಾಯೆಲ್ ರಿಸ್ಟೊ ಅವರ ತಂಡ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿತು. 39 ಮಂದಿ ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ, ಉಳಿದವರಿಗೆ ಇಲ್ಲ. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ಕಾವಲುಗಾರರೂ ಹೆಚ್ಚಾದರು. ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ಕಿಡಿಯ ಸಂದೇಶ ತಲುಪುವ ಮೊದಲೇ ಮಾತ್ರೆ ಅದನ್ನು ಆರಿಸಿಬಿಟ್ಟಿತ್ತು ಎಂಬುದು ಅವರ ವಿವರಣೆ. ನಂತರದ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ, ಕೆಲವು ಬೇರೆ ಹೇಳಿವೆ. ಪ್ರಾಮಾಣಿಕವಾಗಿ ಅದನ್ನೂ ತಿಳಿಸಬೇಕು. ಆದರೆ ನಡಿಗೆಯ ಬದಲಿಗೆ ಮಾತ್ರೆ ಸಾಕು ಎಂದು ಯಾವ ಅಧ್ಯಯನವೂ ತೋರಿಸಿಲ್ಲ.

ಹಾಗೆಂದು ಈ ಸಂಶೋಧನೆ ವ್ಯರ್ಥವೆಂದು ತಿಳಿಯಬೇಡಿ. ಕಾವಲುಗಾರರು ನಿಜವಾಗಿ ಸೋತ ಕಾಯಿಲೆಗಳಿಗೆ ಸಹಾಯ ಹುಡುಕುವ ಕೆಲಸ ನಮ್ಮ ನಾಡಿನಲ್ಲೂ ನಡೆದಿದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಮತ್ತು ಪ್ಯಾಟ್ರಿಕ್ ಡಿ’ಸಿಲ್ವಾ ಅವರ ತಂಡಗಳು, ವನೇಡಿಯಂ ಆಕ್ಸೈಡಿನ ಅತಿಸೂಕ್ಷ್ಮ ತಂತಿಗಳು ಜೀವಕೋಶದಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸಿನಂತೆಯೇ ವರ್ತಿಸುತ್ತವೆ ಎಂದು 2014ರಲ್ಲಿ ತೋರಿಸಿದವು. ಇದು ಪ್ರಯೋಗಾಲಯದ ಕೋಶಗಳ ಮಾತು, ಔಷಧಿಯಲ್ಲ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ನಮ್ಮ ರಾಗಿಯ ಹೊಟ್ಟಿನಲ್ಲಿರುವ ಪಾಲಿಫಿನಾಲುಗಳ ಅಧ್ಯಯನ ನಡೆದಿದೆ. ಅಜ್ಜಿಯ ಮುದ್ದೆಯನ್ನು ವಿಜ್ಞಾನಿಗಳೂ ಗೌರವದಿಂದ ನೋಡುತ್ತಾರೆ!

ಕೊನೆಯದಾಗಿ ಮೂರು ಮಾತು. ಒಂದು, ವೈದ್ಯರು ಹೇಳಿದ ಮಾತ್ರೆಯನ್ನು ಈ ಭಾಷಣ ಕೇಳಿ ಬಿಡಬೇಡಿ. ಸಸ್ಯಾಹಾರಿಗಳಿಗೆ ಬಿ12, ಇಲ್ಲಿನ ಚಳಿಗಾಲದಲ್ಲಿ ವಿಟಮಿನ್ ಡಿ, ಬಸುರಿಯರಿಗೆ ಫೋಲಿಕ್ ಆಮ್ಲ, ರಕ್ತಹೀನತೆಗೆ ಕಬ್ಬಿಣ, ಇವೆಲ್ಲ ಕೊರತೆ ತುಂಬುವ ಔಷಧಿಗಳು; ಲೆಕ್ಕವೇ ಬೇರೆ. ಎರಡು, ಕೊರತೆ ಇಲ್ಲದವರು ಸೊಪ್ಪು, ಹಣ್ಣು, ಕಾಳು ತಿನ್ನಿ, ಸಿಗರೇಟು ಬಿಡಿ, ಅತಿಯಾದರೆ ಅಮೃತವೂ ವಿಷ ಎಂಬುದನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೂರು, ನಡೆಯಿರಿ. ಊರಿನಲ್ಲಿರುವ ಹಿರಿಯರಿಗೆ ಫೋನ್ ಮಾಡಿದಾಗ “ಊಟ ಆಯ್ತಾ?” ಎಂದು ಕೇಳುವ ಜೊತೆಗೆ “ಇವತ್ತು ನಡೆದಿರಾ?” ಎಂದೂ ಕೇಳಿರಿ.

ನಮ್ಮ ಅಪ್ಪ ಈಗ ಮತ್ತೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದಾರೆ. ಸಕ್ಕರೆ ಹತೋಟಿಗೆ ಬಂದಿದೆ. ಪಾದದ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಹೋದ ಸಲ ನಾವು ಸೂಟ್‌ಕೇಸಿನಲ್ಲಿ ಕೊಳವೆಗಳನ್ನು ಒಯ್ಯಲಿಲ್ಲ; ಇದೇ ಊರಿನಲ್ಲಿ ಕೊಂಡ ಒಂದು ಜೊತೆ ಮೆತ್ತನೆಯ ಬೂಟು ಒಯ್ದೆವು. ಮಾತ್ರೆಯಿಂದ ಉಳಿದ ಯೂರೋಗಳು ಬಾಗಿಲ ಬಳಿ ಇರುವ ದೇಣಿಗೆ ಪೆಟ್ಟಿಗೆ ಸೇರಿವೆ. ನೀವೂ ಹಾಗೆ ಮಾಡಿದರೆ ಸಮಿತಿಯವರಿಗೆ ಸಂತೋಷ, ನಮಗೂ ಸಂತೋಷ.

ಬಿಸಿಬೇಳೆಬಾತು ಆರುವ ಮೊದಲು ಮುಗಿಸುತ್ತೇವೆ. ಊಟವಾದ ಮೇಲೆ ನದಿಯ ದಂಡೆಯಲ್ಲಿ ಎಲ್ಲರೂ ಒಂದು ಸುತ್ತು ನಡೆಯೋಣ, ಬನ್ನಿ.