ಗಿಳಿಗೆ ಊಟ ಕಲಿಸುವುದು



ಮನೆಗೊಂದು ಗಿಳಿ ಬಂದಿದೆ ಎಂದುಕೊಳ್ಳಿ. ಮರಿಯಲ್ಲ, ಬೇರೆ ಮನೆಯಲ್ಲಿ ನಾಲ್ಕೈದು ವರ್ಷ ಇದ್ದ ಹಕ್ಕಿ. ಸಾಕುತ್ತಿದ್ದವರಿಗೆ ವರ್ಗವಾಯಿತೋ, ಅದರ ಕೂಗಿಗೆ ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರು ತಕರಾರು ತೆಗೆದರೋ, ಅಂತೂ ಪಂಜರದ ಸಮೇತ ನಿಮ್ಮ ಪಾಲಿಗೆ ಬಂತು. ಜೊತೆಗೆ ಒಂದು ಚೀಲ ಸೂರ್ಯಕಾಂತಿ ಬೀಜ, ಒಂದು ಕಿವಿಮಾತು: "ಇದನ್ನು ಬಿಟ್ಟು ಅದು ಬೇರೇನೂ ಮುಟ್ಟೋದಿಲ್ಲ." ಯಾಕೆ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಏನಾಗುತ್ತದೆ, ಮುಟ್ಟುವಂತೆ ಮಾಡುವುದು ಹೇಗೆ ಎನ್ನುವುದು ಇವತ್ತಿನ ವಿಷಯ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ನಮ್ಮ ತೋಟಗಳಲ್ಲಿ, ಗುಡಿಯ ಗೋಪುರಗಳಲ್ಲಿ ಕಾಣುವ ಹಸಿರು ಗಿಳಿಯನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಸಾಕಲು ಅವಕಾಶವಿರುವುದು ಹೊರದೇಶದ ಜಾತಿಗಳನ್ನು. ಪೇಟೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಬಡ್ಜಿ, ತಲೆಯ ಮೇಲೆ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು ಇರುವ ಕಾಕಟೀಲ್, ದೊಡ್ಡ ಆಫ್ರಿಕನ್ ಗ್ರೇ, ಇಂಥವು. ಆಫ್ರಿಕನ್ ಗ್ರೇ ವನ್ಯಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಆ ಪಟ್ಟಿಯ ಹಕ್ಕಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಬಡ್ಜಿ, ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಾಕಟೀಲನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ.

ಕಾಕಟೀಲಿನ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿಯೂ ಅದು ಬೀಜ ತಿಂದೇ ಬದುಕುತ್ತದೆ. ಹಾಗಿದ್ದ ಮೇಲೆ ಬೀಜ ಹಾಕಿದರೆ ತಪ್ಪೇನು ಎಂದು ನೀವು ಕೇಳಬಹುದು. ಅಲ್ಲಿ ಅದು ತಿನ್ನುವುದು ಬಗೆಬಗೆಯ ಹುಲ್ಲುಗಳ ಬೀಜ. ಅದರಲ್ಲಿ ಇನ್ನೂ ಹಾಲುಗಾಳಾಗಿರುವ ಎಳೆಯವೂ ಸೇರಿರುತ್ತವೆ. ಅದನ್ನು ಹುಡುಕಿಕೊಂಡು ನೀರಿನಿಂದ ನೀರಿಗೆ ಮೈಲಿಗಟ್ಟಲೆ ಹಾರುತ್ತದೆ. ಪಂಜರದ ಹಕ್ಕಿಗೆ ಸಿಗುವುದು ಒಂದೇ ಜಾತಿಯ ಒಣಬೀಜ, ಹಾರಲು ಎರಡು ಅಡಿ ಜಾಗ.

ಸೂರ್ಯಕಾಂತಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಹಾರದ ಹಕ್ಕಿಯಲ್ಲಿ ಆ ಕೊಬ್ಬು ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ಕೊಕ್ಕು ಅತಿಯಾಗಿ ಬೆಳೆಯುವುದು ಎಷ್ಟೋ ಸಲ ಇದರ ಹೊರಗುರುತು. ಇನ್ನು ಸುಣ್ಣದ ಅಂಶ. ಹಕ್ಕಿಯ ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು. ಈ ಬೀಜದಲ್ಲಿ ಲೆಕ್ಕ ತಲೆಕೆಳಗು, ಕ್ಯಾಲ್ಸಿಯಂನ ಏಳೆಂಟು ಪಟ್ಟು ರಂಜಕ. ಹೆಣ್ಣು ಕಾಕಟೀಲ್ ಜೊತೆಗಾರ ಇಲ್ಲದೆಯೂ ಮೊಟ್ಟೆ ಇಡುತ್ತದೆ. ಕ್ಯಾಲ್ಸಿಯಂ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೆ ಕುತ್ತಾಗುತ್ತದೆ.

ಎಲ್ಲಕ್ಕಿಂತ ಸದ್ದಿಲ್ಲದೆ ಕೆಡಿಸುವುದು ವಿಟಮಿನ್ ಎ ಕೊರತೆ. ಒಣಬೀಜದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬಾಯಿ, ಮೂಗು, ಉಸಿರಿನ ದಾರಿಯ ಒಳಪೊರೆ ತೇವವಾಗಿ, ಮೆತ್ತಗಿರಲು ಈ ವಿಟಮಿನ್ ಬೇಕು. ಇಲ್ಲವಾದರೆ ಪೊರೆ ದಪ್ಪಗಟ್ಟಿ ಒಣಗುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. "ಹಕ್ಕಿಗೆ ಪದೇಪದೇ ಶೀತ" ಎಂದು ವೈದ್ಯರಲ್ಲಿಗೆ ಬರುವವರ ಹಕ್ಕಿಗಳಲ್ಲಿ ಎಷ್ಟೋ ಸಲ ಮೂಲ ಇರುವುದು ಬಟ್ಟಲಿನಲ್ಲಿ. ಬರೀ ಬೀಜದ ಮೇಲಿರುವ ಬಡ್ಜಿಗಳಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದೂ ಉಂಟು. ಗಂಟು ಹೊರಗೆ ಕಾಣದೆ ಒಳಗೆ ಉಸಿರುನಾಳವನ್ನು ಒತ್ತುತ್ತದೆ, ಹಕ್ಕಿ ಉಸಿರಾಡುವಾಗ ಕೀಚುಸದ್ದು ಕೇಳುತ್ತದೆ.

ಹಾಗಾದರೆ ಕ್ಯಾರೆಟ್ ತುರಿದು ಹಾಕಿದರಾಯಿತಲ್ಲ? ಹಾಕಿ ನೋಡಿ. ಕುತ್ತಿಗೆ ನೀಳ ಮಾಡಿ ಒಂದು ಕಣ್ಣಲ್ಲಿ ನೋಡುತ್ತದೆ, ಜುಟ್ಟು ನೆಟ್ಟಗಾಗುತ್ತದೆ, ಕಡ್ಡಿಯ ಆ ತುದಿಗೆ ಸರಿದುಬಿಡುತ್ತದೆ. ನಾವು ಇದನ್ನು ಹಟ ಎನ್ನುತ್ತೇವೆ. ಹಟವಲ್ಲ. ಗಿಳಿಮರಿ ಯಾವುದು ಆಹಾರ ಎನ್ನುವುದನ್ನು ತಂದೆತಾಯಿಯನ್ನು, ಹಿಂಡನ್ನು ನೋಡಿ ಕಲಿಯುತ್ತದೆ. ಕಲಿತ ಪಟ್ಟಿಯಲ್ಲಿ ಇಲ್ಲದ್ದು ಅದರ ಪಾಲಿಗೆ ಆಹಾರವೇ ಅಲ್ಲ. ನಮ್ಮ ಬಾಳೆಲೆಯ ಮೇಲೆ ಯಾರೋ ಅಂಗಿಯ ಗುಂಡಿಗಳನ್ನು ಬಡಿಸಿದರೆ ನಾವು ಹೇಗೆ ನೋಡುತ್ತೇವೋ, ಪೆಲೆಟ್ ಎಂಬ ಸಿದ್ಧ ಆಹಾರದ ಗುಳಿಗೆ ತುಂಬಿದ ಬಟ್ಟಲನ್ನು ಅದು ಹಾಗೆ ನೋಡುತ್ತದೆ. ಗುಂಡಿ ತಿನ್ನಲಿಲ್ಲವೆಂದು ನಮ್ಮನ್ನು ಉಪವಾಸ ಕೆಡವಿದರೆ ಗುಂಡಿ ತಿನ್ನಲು ಕಲಿಯುತ್ತೇವೆಯೇ?

"ಹೊಟ್ಟೆ ಹಸಿದರೆ ತಾನಾಗಿ ತಿನ್ನುತ್ತೆ ಬಿಡಿ" ಎನ್ನುವ ಸಲಹೆ ಅಪಾಯದ್ದು ಎನ್ನುವುದು ಅದಕ್ಕೇ. ಚಿಕ್ಕ ಹಕ್ಕಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ಬಹಳ ಕಡಿಮೆ. ಒಂದೆರಡು ದಿನ ಪೂರ್ತಿ ತಿನ್ನದಿದ್ದರೆ ಸತ್ತೇ ಹೋಗಬಹುದು. ಗಿಳಿಗೆ ಹೊಸ ಊಟ ಕಲಿಸುವುದು ರೂಢಿಯೇ ಹೊರತು ಹಸಿವಲ್ಲ.

ಇಲ್ಲಿ ಕಣ್ಣನ್ನು ಮೋಸಗೊಳಿಸುವ ಸಂಗತಿಯೊಂದಿದೆ. ಕಾಕಟೀಲ್ ಬೀಜ ತಿನ್ನುವುದನ್ನು ಹತ್ತಿರದಿಂದ ಗಮನಿಸಿ. ಬೀಜವನ್ನು ಕೊಕ್ಕಿನೊಳಗೆ ಎಳೆದುಕೊಳ್ಳುತ್ತದೆ. ದಪ್ಪ ನಾಲಿಗೆ ಅದನ್ನು ಹೊರಳಿಸಿ, ಮೇಲುಕೊಕ್ಕಿನ ಒಳಗಿರುವ ಉಬ್ಬುಗೆರೆಗೆ ಒತ್ತಿ ಹಿಡಿಯುತ್ತದೆ. ಕೆಳಕೊಕ್ಕು ಚಕ್ಕನೆ ಮುಂದೆ ಬಂದು ಸಿಪ್ಪೆ ಸೀಳುತ್ತದೆ. ತಿರುಳು ಒಳಗೆ, ಸಿಪ್ಪೆ ಹೊರಗೆ, ಅದೂ ಅದೇ ಬಟ್ಟಲಿಗೆ. ಸಂಜೆಯ ಹೊತ್ತಿಗೆ ಬಟ್ಟಲು ಬೆಳಗ್ಗೆಯಷ್ಟೇ ತುಂಬಿ ಕಾಣುತ್ತದೆ, ಇರುವುದು ಬರೀ ಹೊಟ್ಟು. ಅದನ್ನು ಊದಿ ನೋಡದವರ ಮನೆಯಲ್ಲಿ ಹಕ್ಕಿ ತುಂಬಿದ ಬಟ್ಟಲಿನ ಮುಂದೆಯೇ ಹಸಿದಿರುತ್ತದೆ. ಹೊಸ ಪೆಲೆಟ್ಟಿನ ಕತೆಯೂ ಇದೇ. ಕಚ್ಚಿ ಪುಡಿಮಾಡಿ ಬೀಳಿಸುತ್ತದೆ, ನಾವು ತಿಂದಿತು ಎಂದುಕೊಳ್ಳುತ್ತೇವೆ. ಬೀಜವನ್ನು ಹೀಗೆ ಸುಲಿದು ತಿನ್ನುವುದರಿಂದಲೇ ಗಿಳಿಗೆ ಕೋಳಿ, ಪಾರಿವಾಳಗಳಂತೆ ಮರಳು, ಕಲ್ಲಿನ ಚೂರು ಬೇಕಾಗುವುದಿಲ್ಲ.

ಕಣ್ಣನ್ನು ನಂಬುವಂತಿಲ್ಲವಾದರೆ ಏನನ್ನು ನಂಬುವುದು? ತಕ್ಕಡಿಯನ್ನು. ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೊಂದು ಕೂರುವ ಕಡ್ಡಿ ಇಟ್ಟು, ದಿನಾ ಬೆಳಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಕಾಕಟೀಲಿನ ತೂಕ ಸಾಮಾನ್ಯವಾಗಿ 80ರಿಂದ 100 ಗ್ರಾಂ, ಬಡ್ಜಿಯದು 30ರಿಂದ 40. ನಿಮ್ಮ ಹಕ್ಕಿ 90 ಗ್ರಾಂ ಇದ್ದರೆ, ನಾಲ್ಕೈದು ಗ್ರಾಂ ಇಳಿದ ಕೂಡಲೇ ಹಳೆಯ ಬೀಜವನ್ನು ಹೆಚ್ಚಿಸಿ. ಒಂಬತ್ತು ಗ್ರಾಂ ಇಳಿಯಿತೋ, ಪ್ರಯೋಗ ನಿಲ್ಲಿಸಿ ಹಕ್ಕಿಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಿರಿ. ಒಂಬತ್ತು ಗ್ರಾಂ ಎಂದರೆ ಎರಡು ಟೀ ಚಮಚ ನೀರಿಗಿಂತ ಕಡಿಮೆ. ಗರಿಗಳ ಕೆಳಗೆ ಅದು ಕಾಣುವುದೇ ಇಲ್ಲ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿದರೆ ಹಿಕ್ಕೆಯೂ ಸಾಕ್ಷಿ ಹೇಳುತ್ತದೆ. ಸಂಖ್ಯೆ ಕಡಿಮೆಯಾಗಿ, ಸಣ್ಣಗೆ, ಕಡುಹಸಿರಾಗಿದ್ದರೆ ಹೊಟ್ಟೆಗೆ ಬಿದ್ದಿಲ್ಲ ಎಂದರ್ಥ. ತರಕಾರಿ ತಿಂದ ದಿನ ಸುತ್ತ ನೀರು ಹೆಚ್ಚಿರುತ್ತದೆ. ಅದು ಭೇದಿಯಲ್ಲ, ಗಾಬರಿ ಬೇಡ.

ಈಗ ಕ್ರಮ. ಮೊದಲ ಒಂದೆರಡು ವಾರ ಏನನ್ನೂ ಬದಲಿಸಬೇಡಿ. ಹೊಸ ಮನೆ, ಹೊಸ ಮುಖಗಳ ನಡುವೆ ಅದಕ್ಕೆ ಗೊತ್ತಿರುವುದು ಆ ಬೀಜವೊಂದೇ. ಈ ಅವಧಿಯಲ್ಲಿ ವೈದ್ಯರಿಗೆ ತೋರಿಸಿ, ದಿನಕ್ಕೆ ಎಷ್ಟು ತಿನ್ನುತ್ತದೆ ಎಂದು ಅಳೆದುಕೊಳ್ಳಿ.

ಆಮೇಲೆ ಸೂರ್ಯಕಾಂತಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಸಣ್ಣ ಕಾಳು ಏರಿಸಿ. ನವಣೆ, ಸಾಮೆ, ಸಜ್ಜೆ, ರಾಗಿ ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುವ ಸಿರಿಧಾನ್ಯಗಳು. ನವಣೆಯಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು. ಸಾಕುಹಕ್ಕಿಗಳ ಅಂಗಡಿಯಲ್ಲಿ ಒಳ್ಳೆಯ ಬೆಲೆಗೆ ಮಾರುವ 'ಮಿಲ್ಲೆಟ್ ಸ್ಪ್ರೇ' ಎಂದರೆ ನಮ್ಮ ಬಯಲುಸೀಮೆಯ ನವಣೆ ತೆನೆಯೇ. ಆದರೆ ಇದರಿಂದ ಕೊಬ್ಬಿನ ಹೊರೆ ಮಾತ್ರ ಇಳಿಯುತ್ತದೆ. ವಿಟಮಿನ್ ಎ ಇಲ್ಲೂ ಇಲ್ಲ.

ಮುಂದಿನ ಮೆಟ್ಟಿಲು ಮೊಳಕೆ. ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು, ನವಣೆ ನೋಡಲು ಬೀಜದಂತೆಯೇ ಇರುತ್ತದೆ, ಬಾಯಿಗೆ ಸೊಪ್ಪಿನ ಹಾಗೆ ತೇವ. ಒಣಬೀಜ ಬಿಟ್ಟು ಬೇರೆ ಗೊತ್ತಿಲ್ಲದ ಹಕ್ಕಿ ಮೊದಲು ಒಪ್ಪುವ ಹೊಸ ತಿನಿಸು ಬಹುಮಟ್ಟಿಗೆ ಇದೇ. ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ತರಕಾರಿಗೆ ಬೆಳಗಿನ ಹೊತ್ತು ಒಳ್ಳೆಯದು, ಆಗ ಹಸಿವು ಚುರುಕು. ಬೀಜದ ಬಟ್ಟಲನ್ನು ರಾತ್ರಿ ತೆಗೆದಿಟ್ಟು, ಬೆಳಗ್ಗೆ ಒಂದೆರಡು ಗಂಟೆ ಹೊಸದನ್ನಷ್ಟೇ ಕೊಡಿ, ಆಮೇಲೆ ಬೀಜ. ಸಂಜೆ ಮಾತ್ರ ಗೊತ್ತಿರುವ ಊಟವನ್ನು ಹೊಟ್ಟೆ ತುಂಬ ತಿಂದೇ ಮಲಗಬೇಕು. ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಗೆಣಸು, ನುಗ್ಗೆಸೊಪ್ಪು, ಕೊತ್ತಂಬರಿ, ದಪ್ಪಮೆಣಸಿನಕಾಯಿ ಇವನ್ನು ಬೀಜದ ಗಾತ್ರಕ್ಕೆ ಹೆಚ್ಚಿ, ಒಂದು ಚಮಚ ಬೀಜ ಕಲಸಿಡಿ. ಬೀಜ ಹೆಕ್ಕುವಾಗ ಕೊಕ್ಕಿಗೆ ಕ್ಯಾರೆಟ್ ಅಂಟುತ್ತದೆ, ನಾಲಿಗೆಗೆ ಪರಿಚಯವಾಗುತ್ತದೆ. ಬಟ್ಟಲನ್ನೇ ಒಲ್ಲದ ಹಕ್ಕಿಗೆ ಒದ್ದೆ ಸೊಪ್ಪಿನ ಕಟ್ಟನ್ನು ಅದು ಕೂರುವ ಕಡ್ಡಿಯ ಪಕ್ಕ ತೂಗುಹಾಕಿ. ಎಲೆಯ ಮೇಲಿನ ನೀರಿನಲ್ಲಿ ಮೈ ಉಜ್ಜಿಕೊಳ್ಳಲು ಬಂದದ್ದು ಎಲೆಯ ಅಂಚನ್ನೂ ಕಚ್ಚಿ ನೋಡುತ್ತದೆ. ಪಾಲಕ್ ಒಂದನ್ನೇ ದಿನಾ ಕೊಡಬೇಡಿ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ.

ಗಿಳಿಗೂ ಮೆಣಸಿನಕಾಯಿಗೂ ಇರುವ ನಂಟು ಎಲ್ಲರಿಗೂ ಗೊತ್ತು. ಅದಕ್ಕೆ ಖಾರ ಹತ್ತುವುದಿಲ್ಲವೇ? ಹತ್ತುವುದಿಲ್ಲ. ನಮ್ಮ ನಾಲಿಗೆಯಲ್ಲಿ ಉರಿಯನ್ನು ಗುರುತಿಸುವ ಗ್ರಾಹಕಕ್ಕೆ ಮೆಣಸಿನ ಕ್ಯಾಪ್ಸೈಸಿನ್ ಬಂದು ತಾಗುತ್ತದೆ. ಹಕ್ಕಿಗಳಲ್ಲಿ ಆ ಗ್ರಾಹಕದ ರಚನೆಯೇ ಬೇರೆ, ಕ್ಯಾಪ್ಸೈಸಿನ್‌ಗೆ ಅದು ಓಗೊಡುವುದಿಲ್ಲ. ಒಳಗೆ ಬೀಜ, ಹೊರಗೆ ಕೆಂಪು ಬಣ್ಣ, ಅದರಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ಕ್ಯಾರೋಟಿನ್. ಹಣ್ಣಾದ ತಾಜಾ ಮೆಣಸಿನಕಾಯಿಯನ್ನು ಸೀಳಿ ಬೀಜ ಕಾಣುವ ಹಾಗೆ ಸಿಕ್ಕಿಸಿಡಿ. ತರಕಾರಿಯ ಕಡೆ ತಿರುಗಿ ನೋಡದ ಹಕ್ಕಿಯೂ ಇದಕ್ಕೆ ಬರುವುದುಂಟು.

ಕೊನೆಯದು ಪೆಲೆಟ್. ಧಾನ್ಯ, ಬೇಳೆ, ಜೀವಸತ್ವ, ಲವಣಗಳನ್ನು ಅಳತೆಯಲ್ಲಿ ಬೆರೆಸಿ ಮಾಡಿದ ಗುಳಿಗೆ ಇದು. ಬೇಕಾದ್ದನ್ನಷ್ಟೇ ಆರಿಸಿ ತಿನ್ನಲು ಹಕ್ಕಿಗೆ ಅವಕಾಶವಿಲ್ಲ ಎನ್ನುವುದೇ ಇದರ ಹೆಚ್ಚುಗಾರಿಕೆ. ಬಣ್ಣ ಹಾಕದ್ದನ್ನು ಕೊಳ್ಳಿ. ಮೊದಲು ಅದನ್ನು ಪುಡಿಮಾಡಿ, ನೀರು ಚಿಮುಕಿಸಿದ ಬೀಜಕ್ಕೆ ಸವರಿ. ಬಡ್ಜಿಯಾದರೆ ಕನ್ನಡಿಯನ್ನು ಮಲಗಿಸಿ ಅದರ ಮೇಲೆ ಉದುರಿಸಿ. ಒಳಗಿನ ಹಕ್ಕಿಯೂ ಕುಕ್ಕುತ್ತಿದೆ ಎಂದು ಇದೂ ಕುಕ್ಕುತ್ತದೆ. ಇಲ್ಲವೇ ನೀವೇ ಹಿಂಡಾಗಿ. ಪಂಜರದ ಮುಂದೆ ಕೂತು ಕ್ಯಾರೆಟ್ ಕಚ್ಚಿ, ರುಚಿಯಾಗಿದೆ ಎಂದು ಸದ್ದು ಮಾಡಿ, ಕೊಡದೆ ತಿನ್ನಿ. ನೆರೆಯವರು ನಕ್ಕಾರು, ನಗಲಿ.

ಗುರಿ ಎಷ್ಟು? ಕಾಕಟೀಲಿಗೆ ಅರ್ಧದಷ್ಟು ಪೆಲೆಟ್, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸೊಪ್ಪು ತರಕಾರಿ, ಮಿಕ್ಕದ್ದು ಕಾಳು, ಚೂರು ಹಣ್ಣು. ಪೆಲೆಟ್ ತಿನ್ನುವ ಹಕ್ಕಿಗೆ ಮತ್ತೆ ವಿಟಮಿನ್ ಹನಿ ಹಾಕಬೇಡಿ. ಎ ಮತ್ತು ಡಿ ಅತಿಯಾದರೂ ವಿಷವೇ. ಡಿ ವಿಟಮಿನ್‌ಗೆ ಬಿಸಿಲು ಬೇಕು, ಆದರೆ ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಬೇಕಾದ ಕಿರಣ ಇರುವುದಿಲ್ಲ. ಬೆಳಗಿನ ಹೊತ್ತು ಪಂಜರವನ್ನು ಬಾಲ್ಕನಿಗಿಡಿ, ಅರ್ಧ ನೆರಳಿರಲಿ, ಬೆಕ್ಕು ಕಾಗೆಗಳ ಮೇಲೆ ನಿಗಾ ಇರಲಿ.

ಕೊಡಲೇಬಾರದವುಗಳಲ್ಲಿ ಮೊದಲನೆಯದು ಅವಕಾಡೊ, ಅಂದರೆ ಕೊಡಗಿನ ಕಡೆ ಬೆಳೆಯುವ ಬೆಣ್ಣೆಹಣ್ಣು. ಅದರಲ್ಲಿರುವ ಪರ್ಸಿನ್ ಹಕ್ಕಿಯ ಹೃದಯಕ್ಕೆ ವಿಷ. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ಕುರುಕಲು ಬೇಡ. ಹಾಲನ್ನ ಬೇಡ, ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಹಕ್ಕಿಗಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಊಟವಲ್ಲದಿದ್ದರೂ ಒಂದು ಮಾತು: ನಾನ್‌ಸ್ಟಿಕ್ ಕಾವಲಿ ಒಲೆಯ ಮೇಲೆ ಅತಿಯಾಗಿ ಕಾದರೆ ಬರುವ ಹೊಗೆ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಅಡುಗೆಮನೆಯಿಂದ ಪಂಜರ ದೂರವಿರಲಿ.

ಇದೆಲ್ಲ ಎಷ್ಟು ದಿನದ ಕೆಲಸ? ಎಳೆಯ ಹಕ್ಕಿ ವಾರಗಳಲ್ಲಿ ಕಲಿತೀತು, ವಯಸ್ಸಾದದ್ದಕ್ಕೆ ತಿಂಗಳುಗಳೇ ಬೇಕಾದಾವು. ಕಚ್ಚಿ ಎಸೆದರೂ ಅದು ಮುನ್ನಡೆಯೇ, ಯಾಕೆಂದರೆ ಎಸೆಯಲಾದರೂ ಬಾಯಿಗೆ ತೆಗೆದುಕೊಂಡಿತಲ್ಲ. ಫಲ ಗೊತ್ತಾಗುವುದು ಗರಿ ಉದುರಿ ಹೊಸತು ಬರುವ ಕಾಲಕ್ಕೆ. ಗರಿ ಬೆಳೆಯುತ್ತಿದ್ದಾಗ ಆಹಾರ ಕೆಟ್ಟಿದ್ದರೆ, ಅದರ ಮೇಲೆ ಅಡ್ಡಗೆರೆ ಉಳಿದುಬಿಡುತ್ತದೆ. ಉದುರಿದ ಹಳೆಯ ಬಾಲದ ಗರಿಯೊಂದನ್ನು ಎತ್ತಿಡಿ. ಹೊಸದು ಉದುರಿದಾಗ ಎರಡನ್ನೂ ಬೆಳಕಿಗೆ ಹಿಡಿದು ಹೋಲಿಸಿ. ಹೊಸ ಗರಿಯಲ್ಲಿ ಗೆರೆಗಳಿಲ್ಲದಿದ್ದರೆ, ನಿಮ್ಮ ತೂಕದ ಪುಸ್ತಕವೂ ಏರಿಳಿತವಿಲ್ಲದೆ ಇದ್ದರೆ, ಊಟ ಹಿಡಿದಿದೆ ಎಂದು ಧೈರ್ಯವಾಗಿ ಹೇಳಬಹುದು.