ತೂಕಕ್ಕೆ ಹಾಕುವ ಮುನ್ನ ಎಣಿಸಿ ನೋಡಿ

(ಮುಂಬಯಿಯಲ್ಲಿ ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ನಮ್ಮ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಬೋನಸ್ಸು, ಗ್ರಾಚ್ಯುಯಿಟಿ, ಖೋಲಿಯ ಬಾಡಿಗೆ ಇವುಗಳನ್ನೆಲ್ಲ ಬಿಟ್ಟು ಮಕ್ಕಳ ಚಿತ್ರಕಥೆ ಪುಸ್ತಕಗಳ ಮಾತೇ ಎಂದು ನೀವು ಕೇಳಬಹುದು. ಹೌದು, ಅವುಗಳ ಮಾತೇ. ಹಿರಿಯರು ತೀರಿಕೊಂಡ ಮನೆಯಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ತಗಡಿನ ಟ್ರಂಕು ಉಳಿಯುತ್ತದೆ. ಅದರೊಳಗೆ ಇಂದ್ರಜಾಲ ಕಾಮಿಕ್ಸು, ಅಮರ ಚಿತ್ರ ಕಥೆ, ಚಂದಮಾಮ. ಮೊದಲು ತಂದೆ ತನಗಾಗಿ ಕೊಂಡದ್ದು, ಆಮೇಲೆ ಮಕ್ಕಳಿಗಾಗಿ ಕಾದಿಟ್ಟದ್ದು. ಖೋಲಿ ಚಿಕ್ಕದು, ಜಾಗವಿಲ್ಲ. ವರ್ಷಾಂತಿಕ ಮುಗಿಯುವ ಮೊದಲೇ ಟ್ರಂಕು ಬರಿದಾಗಿ, ಪುಸ್ತಕಗಳು ರದ್ದಿಯವನ ತಕ್ಕಡಿ ಏರುತ್ತವೆ.

ಇದು ಸಂಘದ ವಿಷಯ ಹೇಗಾಯಿತು? ಕೈಯಲ್ಲಿರುವ ವಸ್ತುವಿನ ಬೆಲೆ ತಿಳಿಯದೆ ಅವಸರದಲ್ಲಿ ಮಾರುವವನು ಯಾವಾಗಲೂ ಅಗ್ಗಕ್ಕೆ ಮಾರುತ್ತಾನೆ. ದುಡಿಮೆಯನ್ನೇ ಮಾರಿ ಬದುಕುವ ನಮಗೆ ಈ ಪಾಠವನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಒಬ್ಬೊಬ್ಬನೇ ಹೋಗಿ ಕೂಲಿ ಕೇಳಿದಾಗ ಏನಾಯಿತು, ಸೇರಿ ಕೇಳಿದಾಗ ಏನಾಯಿತು ಎಂಬುದು ನಮ್ಮ ಹೋಟೆಲು ಗಿರಣಿಗಳ ಚರಿತ್ರೆಯಲ್ಲೇ ಇದೆ. ಅದೇ ಪಾಠವನ್ನು ನಮ್ಮ ಮನೆಯ ಟ್ರಂಕಿಗೂ ಅನ್ವಯಿಸೋಣ ಎಂಬುದಷ್ಟೇ ನಮ್ಮ ಇಂದಿನ ಮಾತು.

ಮೊದಲು ದೂರದ ಎರಡು ಉದಾಹರಣೆ. ಅಮೆರಿಕೆಯ ವರ್ಜೀನಿಯಾ ರಾಜ್ಯದಲ್ಲಿ ಒಬ್ಬ ವೃದ್ಧೆ ತೀರಿಕೊಂಡಾಗ, ಮನೆ ತೆರವು ಮಾಡಲು ಬಂದ ಬಂಧುವಿಗೆ ಕಪಾಟಿನಲ್ಲಿ 345 ಹಳೆಯ ಕಾಮಿಕ್ಸು ಸಿಕ್ಕಿದವು. ಆಕೆಯ ಗಂಡ ಹುಡುಗನಾಗಿದ್ದಾಗ ಒಂದೊಂದಕ್ಕೆ ಹತ್ತು ಸೆಂಟಿನಂತೆ ಕೊಟ್ಟು ಕೊಂಡವು. 2012ರ ಫೆಬ್ರವರಿಯಲ್ಲಿ ಹರಾಜಾದಾಗ ಅವು ಸುಮಾರು 35 ಲಕ್ಷ ಡಾಲರು ತಂದವು. ಇನ್ನೊಂದು ಹೆಚ್ಚು ಹತ್ತಿರದ್ದು. ಕ್ಯಾಲಿಫೋರ್ನಿಯಾದಲ್ಲಿ ಮೂವರು ಅಣ್ಣತಮ್ಮಂದಿರು ತೀರಿಕೊಂಡ ತಾಯಿಯ ಅಟ್ಟವನ್ನು ಶುಚಿ ಮಾಡುವಾಗ ಹಳೆಯ ವೃತ್ತಪತ್ರಿಕೆಗಳ ಕಟ್ಟಿನ ಕೆಳಗೆ 1939ರ ಸೂಪರ್‌ಮ್ಯಾನ್ ಮೊದಲ ಸಂಚಿಕೆಯನ್ನು ಕಂಡರು. 2025ರ ನವೆಂಬರಿನಲ್ಲಿ ಆ ಒಂದೇ ಒಂದು ಪುಸ್ತಕ 91 ಲಕ್ಷ 20 ಸಾವಿರ ಡಾಲರಿಗೆ ಹೋಯಿತು.

ಇದನ್ನು ಕೇಳಿ ಯಾರೂ ಇಂದು ರಾತ್ರಿಯೇ ಟ್ರಂಕು ಒಡೆದು ಲಕ್ಷಾಧೀಶರಾಗುವ ಕನಸು ಕಾಣಬಾರದು. ಈ ಉದಾಹರಣೆಯನ್ನು ಕೊಟ್ಟದ್ದು ಆಸೆ ಹುಟ್ಟಿಸಲು ಅಲ್ಲ, ಕಾರಣ ತಿಳಿಯಲು. ಆ ಪುಸ್ತಕಗಳಿಗೆ ಅಷ್ಟು ಬೆಲೆ ಏಕೆ ಬಂತು? ಹಳೆಯವು ಎಂಬ ಕಾರಣಕ್ಕಷ್ಟೇ ಅಲ್ಲ. ಹಳೆಯ ಪಂಚಾಂಗವೂ ಹಳೆಯದೇ, ಅದನ್ನು ಕೇಳುವವರಾರು? ಅಲ್ಲಿ ಮೂರು ಸಂಗತಿ ಕೂಡಿದ್ದವು. ಒಂದು, ಉಳಿದ ಪ್ರತಿಗಳು ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದ ಮಕ್ಕಳು ಯುದ್ಧದ ಕೆಲಸಕ್ಕೆಂದು ಮನೆಮನೆಯ ಹಳೆಯ ಕಾಗದವನ್ನು ಒಟ್ಟುಗೂಡಿಸಿ ಕೊಟ್ಟರು. ಕಾಮಿಕ್ಸೂ ಅದರಲ್ಲೇ ಹೋದವು. ಎರಡು, ಉಳಿದ ಪ್ರತಿ ಕೆಡದೆ ಉಳಿದಿತ್ತು. ಹತ್ತು ಅಂಕದ ಅಳತೆಯಲ್ಲಿ ಆ ಸೂಪರ್‌ಮ್ಯಾನ್ ಪುಸ್ತಕಕ್ಕೆ ಒಂಬತ್ತು ಅಂಕ ಬಂತು. ಮೂರು, ಅದು ಬೇಕೆಂದು ಹಾತೊರೆಯುವ, ಹಣವುಳ್ಳ ಜನ ಇದ್ದರು. ಈ ಮೂರರಲ್ಲಿ ಒಂದು ತಪ್ಪಿದರೂ ಬೆಲೆ ಕುಸಿಯುತ್ತದೆ.

ಈಗ ನಮ್ಮ ಟ್ರಂಕಿಗೆ ಬರೋಣ.

ಇಂದ್ರಜಾಲ ಕಾಮಿಕ್ಸನ್ನು ಇದೇ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚಿನಲ್ಲಿ ಆರಂಭಿಸಿತು. ಅಮೆರಿಕೆಯ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಅದರ ಮೊದಲ ನಾಯಕ. ಮುಂದೆ ಮಾಂತ್ರಿಕ ಮ್ಯಾಂಡ್ರೇಕ್ ಬಂದ. ಅಬೀದ್ ಸೂರ್ತಿಯವರ ಬಹಾದೂರ್ ಬಂದ. ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲದೆ ಕನ್ನಡದಲ್ಲೂ ಇದು ಹೊರಟಿತು. 1990ರಲ್ಲಿ ನಿಂತಿತು. ನಿಂತುಹೋದದ್ದರಿಂದಲೇ ಸಂಗ್ರಹಕಾರರು ಇದನ್ನು ಹುಡುಕುತ್ತಾರೆ. ಇಲ್ಲಿ ನಮಗೆ ಹತ್ತಿರದ ಒಂದು ಸಂಗತಿಯಿದೆ. ನಿಮ್ಮ ಕಟ್ಟಿನಲ್ಲಿ 123 ಮತ್ತು 124ನೆಯ ಸಂಚಿಕೆಗಳು ಕಾಣಿಸದಿದ್ದರೆ ಯಾರ ಮೇಲೂ ಸಂಶಯಪಡಬೇಡಿ. ಆ ಎರಡು ಸಂಖ್ಯೆಗಳು ಹೊರಬರಲೇ ಇಲ್ಲ. ಆಗ ಅಲ್ಲಿ ಕೆಲಸಗಾರರ ಮುಷ್ಕರ ನಡೆದಿತ್ತು. ಕೊಳ್ಳುವವನು ಆ ಎರಡು ಇಲ್ಲವೆಂದು ಬೆಲೆ ಇಳಿಸಲು ಹೊರಟರೆ, ಮುಷ್ಕರದ ಕಥೆಯನ್ನು ಅವನಿಗೆ ನೀವೇ ಹೇಳಿರಿ.

ಅಮರ ಚಿತ್ರ ಕಥೆಯ ಲೆಕ್ಕ ಬೇರೆ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಮುಂಬಯಿಯ ಇಂಡಿಯಾ ಬುಕ್ ಹೌಸ್ ಮೂಲಕ 1967ರಲ್ಲಿ ಈ ಮಾಲೆಯನ್ನು ಕಟ್ಟಿ ಬೆಳೆಸಿದರು. ಕೃಷ್ಣನ ಕಥೆ ಅದರಲ್ಲಿ ಹನ್ನೊಂದನೆಯ ಸಂಖ್ಯೆ. ಮೊದಲ ಹತ್ತು ಪಾಶ್ಚಾತ್ಯ ಕಿನ್ನರ ಕಥೆಗಳು. ಅವು 1965ರಲ್ಲಿ ಮೊದಲು ಕನ್ನಡದಲ್ಲೇ ಬಂದವೆಂದು ಆ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿದ್ದಾರೆ. ಆದುದರಿಂದ ಹನ್ನೊಂದಕ್ಕಿಂತ ಕೆಳಗಿನ ಸಂಖ್ಯೆಯ ಕನ್ನಡ ಪುಸ್ತಕ ಸಿಕ್ಕಿದರೆ ಅದನ್ನು ತೆಗೆದು ಬೇರೆ ಇಡಿ. ಆದರೆ ಈ ಮಾಲೆಯ ಹೆಚ್ಚಿನ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾಗಿವೆ, ಇಂದಿಗೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತವೆ. ಹೊಸದು ಸಿಗುವಾಗ ಹಳೆಯ ಮರುಮುದ್ರಣಕ್ಕೆ ಹೆಚ್ಚು ಹಣ ಕೊಡುವವರು ಕಡಿಮೆ. ಮೊದಲ ಮುದ್ರಣವೋ ಮರುಮುದ್ರಣವೋ ಎಂದು ತಿಳಿಯಲು ಮುಖಪುಟದ ಬೆಲೆ, ಪ್ರಕಾಶಕರ ವಿಳಾಸ, ಹಿಂಬದಿಯ ಜಾಹೀರಾತು ಇವುಗಳನ್ನು ನೋಡಬೇಕು. ಮೂವತ್ತು ರೂಪಾಯಿ ಬೆಲೆ ಅಚ್ಚಾದ ಪುಸ್ತಕ ಅರುವತ್ತರ ದಶಕದ್ದಾಗಿರಲಾರದು.

ಇನ್ನು ಚಂದಮಾಮ. ಮದರಾಸಿನಿಂದ 1949ರ ಜುಲೈಯಲ್ಲಿ ಕನ್ನಡ ಚಂದಮಾಮ ಆರಂಭವಾಯಿತು. ಅದು ಕಾಮಿಕ್ಸು ಅಲ್ಲ, ಚಿತ್ರಗಳುಳ್ಳ ಮಾಸಪತ್ರಿಕೆ. ಆದರೂ ಒಂದೇ ಟ್ರಂಕಿನಲ್ಲಿ ಇರುತ್ತದೆ. ಅದೂ ಈಗ ನಿಂತುಹೋಗಿದೆ. ಬಿಡಿ ಸಂಚಿಕೆಗಿಂತ ಜನವರಿಯಿಂದ ಡಿಸೆಂಬರಿನವರೆಗಿನ ಹನ್ನೆರಡೂ ಇರುವ ವರ್ಷದ ಕಟ್ಟನ್ನು ಕೊಳ್ಳುವವನು ಹೆಚ್ಚು ಇಷ್ಟಪಡುತ್ತಾನೆ.

ಕನ್ನಡದ ಪ್ರತಿಗಳ ಬಗ್ಗೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಅವು ಅಪರೂಪವಾಗಿರಬಹುದು, ಆದರೆ ಅವನ್ನು ಕೇಳುವವರೂ ಇಂಗ್ಲಿಷಿನಷ್ಟು ಇಲ್ಲ. ಅಪರೂಪವಾದದ್ದೆಲ್ಲ ದುಬಾರಿಯಾಗುವುದಿಲ್ಲ. ಸರಿಯಾದ ಒಬ್ಬ ಗಿರಾಕಿ ಸಿಗುವ ತನಕ ಕಾಯುವ ತಾಳ್ಮೆ ಬೇಕು. ಮಾಟುಂಗಾದ ಕಿಂಗ್ಸ್ ಸರ್ಕಲ್ ಕಾಲುದಾರಿಯ ಪುಸ್ತಕದವರಿಗಿಂತ ಬೆಂಗಳೂರು ಮಂಗಳೂರುಗಳ ಕನ್ನಡ ಸಂಗ್ರಹಕಾರನಿಗೆ ಅದರ ಬೆಲೆ ಹೆಚ್ಚು ತಿಳಿದೀತು.

ಸ್ಥಿತಿಯ ವಿಚಾರ ಗಿರಣಿಯಲ್ಲಿ ದುಡಿದವರಿಗೆ ಬೇಗ ಅರ್ಥವಾಗುತ್ತದೆ. ಫೋಲ್ಡಿಂಗ್ ಖಾತೆಯಲ್ಲಿ ಬಟ್ಟೆಯನ್ನು ಹರಡಿ ನೋಡುತ್ತಿದ್ದರು. ಅದೇ ನೂಲು, ಅದೇ ಮಗ್ಗ; ಆದರೆ ಒಂದು ಎಣ್ಣೆಯ ಕಲೆ ಬಿದ್ದರೆ ಬಟ್ಟೆ ಎರಡನೆಯ ದರ್ಜೆ, ತುಂಡಾದರೆ ತೂಕದ ಮಾಲು. ಪುಸ್ತಕವೂ ಹಾಗೆಯೇ. ಮುಖಪುಟ ಇದೆಯೇ? ಎಲ್ಲ ಹಾಳೆಗಳೂ ಇವೆಯೇ? ಹುಡುಗರು ಕೂಪನ್ನು ಕತ್ತರಿಸಿದ್ದಾರೆಯೇ? ಪಿನ್ನು ತುಕ್ಕು ಹಿಡಿದಿದೆಯೇ? ಬಾಡಿಗೆ ಲೈಬ್ರರಿಯ ಮೊಹರು ಬಿದ್ದಿದೆಯೇ? ಇವೆಲ್ಲ ಬೆಲೆ ಇಳಿಸುವ ಸಂಗತಿಗಳು. ನಮ್ಮ ಮುಂಬಯಿಯ ಮಳೆಗಾಲ, ಸೋರುವ ಗೋಡೆ, ಗೆದ್ದಲು ಇವುಗಳಿಂದ ಪಾರಾಗಿ ಬಂದ ಶುಚಿಯಾದ ಪ್ರತಿ ಅದಕ್ಕಾಗಿಯೇ ಅಪರೂಪ.

ಒಳ್ಳೆಯ ಉದ್ದೇಶದಿಂದಲೇ ಹೆಚ್ಚು ಹಾನಿ ಆಗುತ್ತದೆ. ಹರಿದ ಕಡೆ ಸೆಲೋಟೇಪು ಅಂಟಿಸಬೇಡಿ. ಅದರ ಅಂಟು ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಬೈಂಡಿಂಗ್ ಮಾಡಿಸಬೇಡಿ, ಬೈಂಡರು ಅಂಚು ಕತ್ತರಿಸುತ್ತಾನೆ. ಬಿಸಿಲಿಗೆ ಒಣಹಾಕಬೇಡಿ, ಇಸ್ತ್ರಿ ಹಾಕಬೇಡಿ, ಮುಖಪುಟದ ಮೇಲೆ ಬೆಲೆ ಬರೆಯಬೇಡಿ. ಒಣ ಬಟ್ಟೆಯಿಂದ ಮೆಲ್ಲಗೆ ಧೂಳು ಒರಸಿ, ಒಂದೊಂದನ್ನೂ ಶುಭ್ರವಾದ ಚೀಲದಲ್ಲಿಟ್ಟು, ನೆಲದಿಂದ ಎತ್ತರದಲ್ಲಿ ಸಮತಟ್ಟಾಗಿ ಇಡಿ. ಅಷ್ಟು ಸಾಕು.

ಆಮೇಲೆ ಒಂದು ನೋಟುಪುಸ್ತಕ ತೆರೆಯಿರಿ. ಹೆಸರು, ಸಂಖ್ಯೆ, ವರ್ಷ, ಭಾಷೆ, ಅಚ್ಚಾದ ಬೆಲೆ, ಈಗಿನ ಸ್ಥಿತಿ ಎಂದು ಆರು ಕಾಲಂ ಹಾಕಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳು ಒಂದು ಭಾನುವಾರದಲ್ಲಿ ಮಾಡಿ ಮುಗಿಸುವ ಕೆಲಸ. ಪಟ್ಟಿ ಇಲ್ಲದವನ ಮಾಲನ್ನು ಕೊಳ್ಳುವವನು ಎಣಿಸುತ್ತಾನೆ. ಪಟ್ಟಿ ಇದ್ದವನು ತಾನೇ ಎಣಿಸಿ ಕೊಡುತ್ತಾನೆ. ವ್ಯತ್ಯಾಸ ಅಲ್ಲೇ ಇದೆ.

ಬೆಲೆ ಕಟ್ಟುವಾಗ ಒಂದು ಮೋಸಕ್ಕೆ ಬೀಳಬಾರದು. ಇಂಟರ್ನೆಟ್ಟಿನಲ್ಲಿ ಒಬ್ಬ ಒಂದು ಪುಸ್ತಕಕ್ಕೆ ಐದು ಸಾವಿರ ಎಂದು ಬರೆದಿರುತ್ತಾನೆ. ಅದು ಅವನು ಕೇಳುವ ಬೆಲೆ, ಸಿಕ್ಕಿದ ಬೆಲೆಯಲ್ಲ. ಹೋಟೆಲಿನ ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದರಿಂದ ವ್ಯಾಪಾರ ತಿಳಿಯುತ್ತದೆಯೇ? ಸಂಜೆ ಗಲ್ಲಾಪೆಟ್ಟಿಗೆಗೆ ಏನು ಬಿತ್ತು ಎಂಬುದೇ ವ್ಯಾಪಾರ. ಹಾಗೆಯೇ ಹಿಂದೆ ಮಾರಾಟವಾಗಿ ಮುಗಿದ ಪ್ರತಿಗಳ ದರವನ್ನೇ ನೋಡಬೇಕು. ಅದೂ ನಮ್ಮದರಂಥ ಸ್ಥಿತಿಯ ಪ್ರತಿಯದು.

ವ್ಯಾಪಾರಿ ಕೊಡುವ ದರ ಇನ್ನೂ ಕಡಿಮೆ ಇರುತ್ತದೆ. ಅದನ್ನೆಲ್ಲ ವಂಚನೆ ಎನ್ನಬಾರದು. ಅಕ್ಕಿ ಉದ್ದಿನ ಬೆಲೆಗೇ ಯಾವ ಹೋಟೆಲಿನವನೂ ಇಡ್ಲಿ ಮಾರುವುದಿಲ್ಲ. ಬಾಡಿಗೆ, ಗ್ಯಾಸು, ನಮ್ಮ ಸಂಬಳ ಎಲ್ಲ ಅದರಲ್ಲೇ ಹೊರಡಬೇಕು. ಪುಸ್ತಕದ ವ್ಯಾಪಾರಿಗೂ ಮಾಲು ವರ್ಷಗಟ್ಟಲೆ ಬಿದ್ದಿರುತ್ತದೆ. ಆದರೆ ಒಬ್ಬನನ್ನೇ ಕೇಳಿ ಒಪ್ಪಬೇಡಿ. ಕನಿಷ್ಠ ಮೂವರನ್ನು ಕೇಳಿ. ಮೂವರಿಗೂ ಮೊದಲು ಪಟ್ಟಿಯನ್ನೂ ಫೋಟೋವನ್ನೂ ತೋರಿಸಿ, ಪುಸ್ತಕವನ್ನು ಕೈಬಿಡಬೇಡಿ.

ಮಾರುವ ರೀತಿ ಎರಡು. ಇಡೀ ಕಟ್ಟನ್ನು ಒಬ್ಬನಿಗೆ ಕೊಟ್ಟರೆ ಶ್ರಮ ಕಡಿಮೆ, ಹಣವೂ ಕಡಿಮೆ. ಬಿಡಿಬಿಡಿಯಾಗಿ ಮಾರಿದರೆ ಹಣ ಹೆಚ್ಚು. ಆದರೆ ಪತ್ರವ್ಯವಹಾರ, ಅಂಚೆ, ಕಾಯುವಿಕೆ. ರಾತ್ರಿ ಪಾಳಿ ಮಾಡುವವನಿಗೆ ಅದಕ್ಕೆ ಪುರುಸೊತ್ತು ಎಲ್ಲಿ? ನಡುವಿನ ದಾರಿಯೆಂದರೆ ಒಳ್ಳೆಯ ಹತ್ತಿಪ್ಪತ್ತನ್ನು ಬೇರೆಯಾಗಿ ಮಾರಿ, ಉಳಿದದ್ದನ್ನು ಒಟ್ಟಿಗೆ ಕೊಡುವುದು. ಕೊಳ್ಳುವವನೇ ಒಳ್ಳೆಯವನ್ನು ಆರಿಸಿ ಸಗಟು ದರಕ್ಕೆ ಒಯ್ದು ಉಳಿದ ಕಸ ನಿಮಗೆ ಬಿಡುವಂತಾಗಬಾರದು. ಇನ್ನೊಂದು ಎಚ್ಚರಿಕೆ: ಮೊಬೈಲಿನಲ್ಲಿ ಹಣ ಪಡೆಯುವವನು ಪಿನ್ ಒತ್ತಬೇಕಾಗಿಲ್ಲ. ಹಣ ಕಳಿಸುತ್ತೇನೆ, ಪಿನ್ ಒತ್ತಿ ಎನ್ನುವವನು ನಿಮ್ಮ ಹಣವನ್ನೇ ತೆಗೆಯಲು ಬಂದವನು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಆ ಟ್ರಂಕು ಯಾರದು? ಊರಿಗೆ ಹೋದ ಅಣ್ಣನಿಗೆ ಹೇಳದೆ ಮುಂಬಯಿಯ ತಮ್ಮ ಮಾರಿದ, ಮದುವೆಯಾದ ತಂಗಿಯನ್ನು ಯಾರೂ ಕೇಳಲಿಲ್ಲ, ತಾಯಿ ಮೂಲೆಯಲ್ಲಿ ಕುಳಿತು ನೋಡಿದಳು. ಇಂಥ ಜಗಳದಲ್ಲಿ ಪುಸ್ತಕದ ಬೆಲೆಗಿಂತ ದೊಡ್ಡದು ನಷ್ಟವಾಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ, ಮೃತ್ಯುಪತ್ರ ಬರೆಯದೆ ತೀರಿಕೊಂಡವನ ಸ್ವಂತ ಸಂಪಾದನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮಪಾಲು. ಬೇರೆ ಧರ್ಮದ ನಮ್ಮ ಸೋದರರಿಗೆ ಅವರವರ ಕಾನೂನಿದೆ. ಮನೆಗೆ ಮಾತ್ರ ಕಾನೂನು, ಟ್ರಂಕಿಗೆ ಇಲ್ಲ ಎಂದು ತಿಳಿಯಬೇಡಿ. ಪಟ್ಟಿಯ ಒಂದೊಂದು ಪ್ರತಿಯನ್ನು ಎಲ್ಲರಿಗೂ ಕೊಟ್ಟು, ಒಪ್ಪಿಗೆ ಪಡೆದು, ಆಮೇಲೆ ಮಾರಿ. ಬಂದ ಹಣವನ್ನು ಬರೆದಿಟ್ಟು ಹಂಚಿ. ಮಾರುವ ಮೊದಲು ತಾಯಿಯನ್ನು ಕೇಳಿ: ಇದರಲ್ಲಿ ನಿಮಗೆ ಯಾವುದು ಬೇಕು ಎಂದು. ತಂದೆಯ ಹೆಸರು ಬರೆದ ಒಂದು ಪುಸ್ತಕವನ್ನು ಆಕೆ ತೆಗೆದಿಟ್ಟುಕೊಂಡರೆ ಕಟ್ಟಿನ ಬೆಲೆ ಸ್ವಲ್ಪ ಇಳಿದೀತು, ಇಳಿಯಲಿ.

ಮಾರುವುದು ತಪ್ಪೆಂದು ನಾವು ಹೇಳುವುದಿಲ್ಲ. ಮಗಳ ಫೀಜು, ಊರಿನ ಮನೆಯ ಹೆಂಚು, ಆಸ್ಪತ್ರೆಯ ಬಿಲ್ಲು ಇವು ಪುಸ್ತಕಕ್ಕಿಂತ ದೊಡ್ಡವು. ಬಹಳ ಟ್ರಂಕುಗಳಲ್ಲಿ ದೊಡ್ಡ ಹಣ ಇರುವುದೂ ಇಲ್ಲ. ಅಂಥ ಪುಸ್ತಕಗಳನ್ನು ತೂಕಕ್ಕೆ ಹಾಕುವ ಬದಲು ನಮ್ಮ ಸಂಘದ ವಾಚನಾಲಯಕ್ಕೆ ಕೊಡಿ. ಊರಿನಿಂದ ಹೊಸದಾಗಿ ಬಂದ ಹುಡುಗ ಪಾಳಿ ಮುಗಿಸಿ ಓದುತ್ತಾನೆ. ಈ ನಗರದಲ್ಲೇ ಹುಟ್ಟಿದ ನಮ್ಮ ಮಕ್ಕಳು ಚಿತ್ರ ನೋಡುತ್ತಾ ಕನ್ನಡ ಅಕ್ಷರ ಹಿಡಿಯುತ್ತಾರೆ.

ಕೊನೆಗೆ ಒಂದು ಸಲಹೆ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಇಬ್ಬರು ಸದಸ್ಯರು ಇಲ್ಲಿ ಕುಳಿತು, ಯಾರಾದರೂ ಇಂಥ ಟ್ರಂಕು ತಂದರೆ ಪಟ್ಟಿ ಮಾಡಲು ನೆರವಾಗಲಿ. ಬೆಲೆ ಹೇಳುವುದು ಬೇಡ, ಕೊಳ್ಳುವುದು ಬೇಡ, ದಲ್ಲಾಳಿತನ ಬೇಡವೇ ಬೇಡ. ಎಣಿಸಿ ಬರೆದುಕೊಟ್ಟರೆ ಸಾಕು. ಒಪ್ಪಿಗೆ ಇರುವವರು ಸಭೆ ಮುಗಿದ ಕೂಡಲೇ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕೆಂದು ಕೇಳಿಕೊಂಡು ನಾವು ಮಾತು ಮುಗಿಸುತ್ತೇವೆ.