ಗೂಬೆ ನಮ್ಮನ್ನು ಅಳೆಯುವಾಗ



ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಬೆಳಗಾಗುವ ಹೊತ್ತಿಗೆ ಬಹಳಷ್ಟು ಗೂಬೆಗಳು ರಾತ್ರಿಯ ಬೇಟೆ ಮುಗಿಸಿ ಪೊಟರೆಯನ್ನೋ ದಟ್ಟ ಎಲೆಗಳ ಮರೆಯನ್ನೋ ಸೇರಿರುತ್ತವೆ. ಅವುಗಳ ಚಿತ್ರ ತೆಗೆಯಲೆಂದೇ ಕ್ಯಾಮೆರಾ ಹೊತ್ತು ಈ ಗುಡ್ಡಗಳಿಗೆ ಬರುವವರಿದ್ದಾರೆ. ಅದು ಒಳ್ಳೆಯ ಹವ್ಯಾಸ. ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಬರೆದು, ಕನ್ನಡಿಗರ ಒಂದು ತಲೆಮಾರಿಗೇ ಮರದತ್ತ ಕತ್ತೆತ್ತಿ ನೋಡುವುದನ್ನು ಕಲಿಸಿದರು.

ಗೂಬೆಯ ವರ್ತನೆ ನಮಗೆ ವಿಚಿತ್ರವಾಗಿ ಕಾಣುತ್ತದೆ. ನಮ್ಮನ್ನು ಕಂಡೊಡನೆ ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುತ್ತದೆ. ನೋಡುವವರಿಗೆ ಅದು ಕುಣಿತ. ಆದರೆ ಗೂಬೆಯ ಕಣ್ಣು ನಮ್ಮ ಕಣ್ಣಿನಂತೆ ಗುಂಡಗಿಲ್ಲ. ಕೊಳವೆಯಂತೆ ನೀಳವಾಗಿದೆ, ಇದ್ದಲ್ಲೇ ಹೊರಳಲಾರದು. ಹಾಗಾಗಿಯೇ 14 ಮೂಳೆಗಳ ಅದರ ಕತ್ತು ಸುಮಾರು 270 ಡಿಗ್ರಿಯಷ್ಟು ತಿರುಗುತ್ತದೆ. ತಲೆಯಾಡಿಸಿ ಬೇರೆ ಬೇರೆ ಕೋನದಿಂದ ನೋಡಿದಾಗ ಎದುರಿಗಿರುವುದು ಎಷ್ಟು ದೂರದಲ್ಲಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಆ ಹೊತ್ತಿನಲ್ಲಿ ಗೂಬೆ ಅಳೆಯುತ್ತಿರುವುದು ನಮ್ಮನ್ನು.

ಗೂಬೆಗಳಲ್ಲೇ ಒಂದು ಪುಟ್ಟ ಜಾತಿಯಿದೆ, ತಲೆಯ ಮೇಲೆ ಕಿವಿಯಂತೆ ಗರಿಗಳ ಜುಟ್ಟಿರುವಂಥದ್ದು. ಹತ್ತಿರ ಹೋದರೆ ಮೈಯನ್ನು ಬಿಗಿಹಿಡಿದು, ಕಣ್ಣನ್ನು ಗೀರಿನಷ್ಟು ಕಿರಿದಾಗಿಸಿ, ಒಣಕೊಂಬೆಯಂತೆ ಸೆಟೆದು ನಿಲ್ಲುತ್ತದೆ. ಮರಿಗಳಾದರೆ ರೆಕ್ಕೆ ಹರಡಿ, ಮೈ ಉಬ್ಬಿಸಿ, ಕೊಕ್ಕನ್ನು ಕಟಕಟನೆ ಬಡಿಯುತ್ತವೆ. ಎಲ್ಲರೂ ಮೆಚ್ಚುವ ಚಿತ್ರಗಳು ಇವೇ. ಆದರೆ ಅವುಗಳಲ್ಲಿ ಸೆರೆಯಾಗಿರುವುದು ಆ ಜೀವದ ಅಂಜಿಕೆ.

ಗೂಬೆಯನ್ನು ಅದರ ಪಾಡಿಗೆ ಬಿಟ್ಟರೆ ಕಾಣುವುದೇ ಬೇರೆ. ಹೊಳೆದಂಡೆಯ ಮೀನುಗೂಬೆಯನ್ನೇ ನೋಡಿ. ಅದರ ಕಾಲಿಗೆ ಗರಿಯಿಲ್ಲ. ಜಾರುವ ಮೀನು ಹಿಡಿಯಲು ಅಂಗಾಲು ಮುಳ್ಳುಮುಳ್ಳಾಗಿದೆ. ಬೇರೆ ಗೂಬೆಗಳಂತೆ ಸದ್ದಿಲ್ಲದೆ ಹಾರಬೇಕೆಂಬ ಕಟ್ಟುಪಾಡೂ ಅದಕ್ಕಿಲ್ಲ. ಏಕೆಂದರೆ ಅದರ ಬೇಟೆ ಇರುವುದು ನೀರೊಳಗೆ. ಬಂಡೆಯ ಮೇಲಿಂದ ಇಳಿದು ತೆಳುನೀರಿನಲ್ಲಿ ಹೆಜ್ಜೆಯಿಟ್ಟು ನಡೆಯುತ್ತದೆ. ಮರಳಿನಲ್ಲಿ ಅದರ ಹೆಜ್ಜೆಗುರುತೂ ಮೂಡುತ್ತದೆ. ಇದನ್ನು ಕಾಣಲು ದೂರದಲ್ಲಿ, ಮರೆಯಲ್ಲಿ, ಅಲ್ಲಾಡದೆ ಕೂರುವ ತಾಳ್ಮೆ ಬೇಕು.

ತಾಳ್ಮೆಯಿಲ್ಲದವರು ಮೊಬೈಲಿನಲ್ಲಿ ಗೂಬೆಯ ಕೂಗು ಹಾಕುತ್ತಾರೆ. ತನ್ನ ಸೀಮೆಗೆ ಎದುರಾಳಿ ಬಂದನೆಂದು ಹಕ್ಕಿ ಬೇಟೆ ಬಿಟ್ಟು ಧಾವಿಸುತ್ತದೆ. ಚಿತ್ರಕ್ಕೆ ಅಡ್ಡವೆಂದು ಗೂಡಿನ ಬಳಿಯ ರೆಂಬೆ ಕಡಿದರೆ ಮರಿಗಳು ಕಾಗೆಯ ಕಣ್ಣಿಗೆ ಬೀಳುತ್ತವೆ. ಗೂಬೆಗೆ ಅಪಾಯ ಇಷ್ಟೇ ಅಲ್ಲ. ಮಾಟಮಂತ್ರದ ಹೆಸರಿನಲ್ಲಿ ನಡೆಯುವ ಗೂಬೆ ಮಾರಾಟವನ್ನು, ವನ್ಯಜೀವಿ ಮಾರಾಟದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲೇ ವರದಿಮಾಡಿದೆ. ದೀಪಾವಳಿಯ ಆಸುಪಾಸಿನಲ್ಲಿ ಈ ದಂಧೆ ಹೆಚ್ಚು. ಹಾಗಿರುವಾಗ ಚಿತ್ರ ಹಂಚಿದರೂ ಗೂಡಿರುವ ಜಾಗ ಹೇಳದಿರುವುದೇ ಕ್ಷೇಮ.

ಗೂಬೆ ತಲೆಯಾಡಿಸಲು ಶುರುಮಾಡಿದರೆ ನಾವು ಹತ್ತಿರ ಬಂದೆವೆಂದು ಅರ್ಥ, ಅಲ್ಲಿಗೇ ನಿಲ್ಲಬೇಕು. ಮೈ ಸೆಟೆಸಿದರೆ ಹಿಂದೆ ಸರಿಯಬೇಕು. ನಮ್ಮನ್ನು ಲೆಕ್ಕಕ್ಕೇ ಇಡದೆ ಗರಿ ತೀಡುತ್ತಿರುವ ಗೂಬೆಯ ಚಿತ್ರ ಸಿಕ್ಕರೆ ಅದೇ ನಿಜವಾದ ಗೆಲುವು.

ಮನುಷ್ಯರ ನಡುವೆಯೂ ಹಾಗೆಯೇ. ಯಾರದೋ ನಡವಳಿಕೆ ವಿಚಿತ್ರವೆನಿಸಿದಾಗ ಅವರಿಗೆ ಹೆಸರಿಡುವ ಮುನ್ನ, ನಮ್ಮ ಇರವು ಅವರಿಗೆ ಭಾರವಾಗುತ್ತಿದೆಯೇ ಎಂದು ಕೇಳಿಕೊಳ್ಳೋಣ. ಭಾರವೆನಿಸಿದರೆ ಒಂದು ಹೆಜ್ಜೆ ಹಿಂದಿಡೋಣ. ಅದು ಸೋಲಲ್ಲ, ಗೌರವ.